ಊರ ಹೆಸರು ಹೇಳದ ವರ

"ಯಪ್ಪಾ, ಇದಕ್ಕ ಅರಿಶಿಣ ಯಾರ್ ಹಚ್ಚ್ಯಾರ್ರೀ?"

ಅಡುಗೆಗೆಂದು ಬಂದ ಯಮನವ್ವ ಒಲೆಯ ಕಡೆ ಹೋಗದೆ, ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಅಭಿಲಾಷನ ಎಡಗಾಲಿನ ಬೂಟಿನೊಳಗೆ ಇಣುಕುತ್ತಿದ್ದಳು. ಅಭಿಲಾಷ ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಬಂದ.

"ಯಾವುದಕ್ಕೆ ಅರಿಶಿನ, ಯಮನಕ್ಕ?"

"ಕಪ್ಪಿಗ್ರೀ."

ಬ್ರಷ್ ಕೆಳಗೆ ಬಿತ್ತು. ಬೂಟಿನ ತುದಿಯಲ್ಲಿ, ಹೆಬ್ಬೆರಳು ಇರಬೇಕಾದ ಜಾಗದಲ್ಲಿ, ಒಂದು ಪುಟ್ಟ ನೆಲಗಪ್ಪೆ ಸ್ವಂತ ಮನೆಯ ಜಗಲಿಯ ಮೇಲೆ ಕೂತವರ ಠೀವಿಯಲ್ಲಿ ಕೂತಿತ್ತು. ಕಂದು ಮೈ, ಮೈತುಂಬ ಗುಳ್ಳೆ, ಪಕ್ಕೆಗೆ ಈಗಷ್ಟೇ ಯಾರೋ ಬೆರಳದ್ದಿ ಎಳೆದಂಥ ಹಚ್ಚ ಹಳದಿ ಪಟ್ಟೆ. ನೋಡಿದವರು ಅರಿಶಿನವೆಂದೇ ಅನ್ನಬೇಕು.

ಅಭಿಲಾಷ ಫೋನು ತಂದು ಅದರ ಫೋಟೊ ಹೊಡೆದ.

ಹುಡುಗ ಮದ್ದೂರಿನವನು. ಪುಣೆಯ ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಸದಾಶಿವ ಪೇಠದಲ್ಲಿ ಬಾಡಿಗೆ ಮನೆ. ವಾರವಿಡೀ ಬೇರೆಯವರು ಮಾಡಿದ ತಪ್ಪು ಹುಡುಕಿ ಹುಡುಕಿ ಬೇಸತ್ತು, ರಜೆಯ ದಿನಗಳಲ್ಲಾದರೂ ಒಂದು ಒಳ್ಳೆಯ ಕೆಲಸ ಮಾಡೋಣವೆಂದು ರಂಜಿನಿಯ ತಂಡ ಸೇರಿಕೊಂಡಿದ್ದ. ರಂಜಿನಿ ತುಮಕೂರಿನ ಕಡೆಯವಳು, ಪುಣೆಯಲ್ಲಿ ಕಪ್ಪೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಸಹ್ಯಾದ್ರಿಯ ನೆತ್ತಿಯ ಮೇಲೆ, ಮೋಡ ಬಂದು ನೆಲಕ್ಕೆ ಕೂರುವಂಥ ಒಂದು ಹುಲ್ಲುಬಯಲಿದೆ. ಈ ಹಳದಿ ಪಟ್ಟೆಯ ಕಪ್ಪೆ ಪ್ರಪಂಚದಲ್ಲಿ ಇರುವುದು ಅದೊಂದೇ ಕಡೆ. ವರ್ಷದ ಬಹುಪಾಲು ಕಲ್ಲಿನ ಸಂದಿಯಲ್ಲಿ ಮಲಗಿರುತ್ತದೆ, ಮೊದಲ ಮಳೆಗೆ ಎದ್ದು ಬಂದು ನಾಲ್ಕು ದಿನ ಸಂಸಾರ ಮಾಡಿ ಮತ್ತೆ ಮಲಗಿಬಿಡುತ್ತದೆ. ಆ ಬೆಟ್ಟದ ಹೆಸರನ್ನು ಯಾರಿಗೂ ಹೇಳಕೂಡದೆಂದು ರಂಜಿನಿ ತಂಡದವರಿಂದೆಲ್ಲ ಪ್ರಮಾಣ ಮಾಡಿಸಿದ್ದಳು. ಹೆಸರು ಹೊರಬಿದ್ದರೆ ಕ್ಯಾಮೆರಾ ಹಿಡಿದವರ ದಂಡು ಬಂದು ಒಂದೊಂದೇ ಕಲ್ಲನ್ನು ಮಗುಚಿ ಹಾಕುತ್ತದೆ ಎಂಬ ಭಯ ಅವಳಿಗೆ.

ಪುಣೆಗೆ ಇನ್ನೂ ಬಾರದ ಮಳೆ ಆ ಬೆಟ್ಟಕ್ಕೆ ಆಗಲೇ ಬಂದಿತ್ತು, ಹೋದ ರಾತ್ರಿ ಅಲ್ಲಿ ಟೆಂಟಿನ ಹೊರಗೆ ಬೂಟು ಬಿಟ್ಟದ್ದೇ ತಪ್ಪಾಯಿತು. ಕಪ್ಪೆ ಅದನ್ನೊಂದು ಒಳ್ಳೆಯ ಕಲ್ಲಿನ ಸಂದಿ ಎಂದುಕೊಂಡಿರಬೇಕು. "ಹೊರಡೋಕೆ ಮುಂಚೆ ಎಲ್ಲಾರೂ ಬೂಟು ಕೊಡವಿ" ಎಂದು ರಂಜಿನಿ ಕೂಗಿ ಹೇಳಿದ್ದಳು. ಅಭಿಲಾಷ ಕೊಡವಿದ್ದ ಕೂಡ. ಬಲಗಾಲಿನದನ್ನು. ಎಡಗಾಲಿನದಕ್ಕೆ ಬರುವಷ್ಟರಲ್ಲಿ ಯಾರೋ ಚಹಾ ಅಂದರು. ಆಮೇಲೆ ಬೂಟೆರಡನ್ನೂ ಚೀಲಕ್ಕೆ ಕಟ್ಟಿಕೊಂಡು, ಚಪ್ಪಲಿಯಲ್ಲೇ ಜೀಪು ಹತ್ತಿ, ಬೆಳಗಾಗುವಷ್ಟರಲ್ಲಿ ಪುಣೆ ಸೇರಿದ್ದ.

ಫೋಟೊ ಕಳಿಸಿದ ಮರುಗಳಿಗೆಯೇ ರಂಜಿನಿಯ ಫೋನು ಬಂತು.

"ಅಭಿಲಾಷ, ಅದು ಮಹೇಶಕುಮಾರ!"

"ಯಾರು?"

"ನಿನ್ನ ಬೂಟಲ್ಲಿರೋದು. ಎಡಪಕ್ಕೇಲಿ ಬೆಕ್ಕು ಬಾಲ ಮಡಚಿ ಕೂತಿರೋ ಥರ ಮಚ್ಚೆ ಇದ್ಯಲ್ಲ? ಒಂದೊಂದಕ್ಕೂ ಪಟ್ಟೆ ಬೇರೆ ಬೇರೆ, ಹಂಗೇ ಗುರುತು ಹಿಡಿಯೋದು. ನಮ್ ಡಿಪಾರ್ಟ್‌ಮೆಂಟಿನ ಸ್ಟೋರ್‌ಕೀಪರ್ ಹೆಸರನ್ನೇ ಇಟ್ಟಿದ್ದೀನಿ. ಅವರೂ ಹಿಂಗೇ, ಕೂತ ಜಾಗದಿಂದ ಅಲ್ಲಾಡಲ್ಲ."

"ಸಾರಿ ರಂಜಿನಿ, ನಾನು..."

"ಸಾರಿ ಆಮೇಲೆ. ಈಗ ಕೇಳಿಸ್ಕೊ. ಕೈಯಲ್ಲಿ ಮುಟ್ಟಬೇಡ. ನಲ್ಲಿ ನೀರು ಬೇಡ, ಕ್ಲೋರಿನ್ ಇರತ್ತೆ. ಒದ್ದೆ ಬಟ್ಟೆ ಹಾಕಿ ಪಾತ್ರೇಲಿಡು. ಮತ್ತೆ ಬೇರೆ ಯಾವ ಕಪ್ಪೆ ಹತ್ರಾನೂ ಬಿಡಬೇಡ. ಊರ ಕಪ್ಪೆಗಳ ಚರ್ಮದ ಕಾಯಿಲೆ ಇದಕ್ಕೆ ಅಂಟಿ, ಇದು ಬೆಟ್ಟಕ್ಕೆ ವಾಪಸ್ ಹೋದ್ರೆ ಅಲ್ಲಿರೋ ಅಷ್ಟೂ ಹೋಗ್ಬಿಡ್ತವೆ. ಅರ್ಥ ಆಯ್ತಾ? ಅಷ್ಟೂ! ಹಂಗೇನಾದ್ರೂ ಆದ್ರೆ ನಾನು ಇದನ್ನ ವಾಪಸ್ ಬಿಡೋ ಹಂಗೇ ಇಲ್ಲ. ಜೀಪ್ ತಗೊಂಡು ಬರ್ತಿದ್ದೀನಿ."

ಅಭಿಲಾಷನಿಗೆ ಅಳುವೊಂದು ಬಾಕಿ. ಆರು ಕೋಟಿ ಕನ್ನಡಿಗರಲ್ಲಿ ಯಾರಿಗೂ ಬರದ ಜವಾಬ್ದಾರಿ ಅವನ ಹಳೆಯ ಬೂಟಿಗೆ ಬಂದಿತ್ತು. ಬೇರೆ ಕಪ್ಪೆಯ ಭಯವಂತೂ ಇಲ್ಲ, ಎರಡನೇ ಮಹಡಿಗೆ ಕಪ್ಪೆ ಯಾಕೆ ಬಂದೀತು ಎಂದು ಸಮಾಧಾನ ಮಾಡಿಕೊಂಡ. ಉಳಿದ ನಿಯಮಗಳನ್ನೆಲ್ಲ ಯಮನವ್ವನಿಗೆ ಒಪ್ಪಿಸಿ, ನೀರಿನ ಕ್ಯಾನು ತರಲು ಓಡಿದ. ಯಮನವ್ವ ಶಹಾಪುರದ ಕಡೆಯವಳು. ಗಂಡ ಲಾಲಪ್ಪ ಪಕ್ಕದಲ್ಲೇ ಏಳುತ್ತಿರುವ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಸೈಟಿನ ತಗಡಿನ ಶೆಡ್ಡಿನಲ್ಲೇ ಸಂಸಾರ. ನಂಬಿಕಸ್ಥೆ. ಅವಳ ಕೈಗೆ ಮನೆಯ ಬೀಗದ ಕೈ ಕೊಟ್ಟವನು ಕಪ್ಪೆ ಕೊಡಲು ಯಾಕೆ ಹಿಂಜರಿಯಬೇಕು?

ಕ್ಯಾನು ಹೊತ್ತು ಏದುಸಿರು ಬಿಡುತ್ತ ಬಂದರೆ ಬೂಟು ಖಾಲಿ. ಅಕ್ಕಿ ತೊಳೆಯುವ ಬೋಗುಣಿಯೂ ಇಲ್ಲ, ಯಮನವ್ವನೂ ಇಲ್ಲ. ಕಿಟಕಿಯಿಂದ ಹಲಗೆವಾದ್ಯದ ಸದ್ದು ಮಾತ್ರ ಕೇಳಿಸುತ್ತಿತ್ತು. ಬಗ್ಗಿ ನೋಡಿದ. ಪಕ್ಕದ ಸೈಟಿನಲ್ಲಿ ಕಬ್ಬಿಣದ ಸರಳುಗಳಿಗೆ ಮಾವಿನ ತೋರಣ ಕಟ್ಟಿದ್ದರು.

ಹೋದವನಿಗೆ ಮೊದಲು ಸಿಕ್ಕವನು ಲಾಲಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮುಖ ಗಂಟಿಕ್ಕಿಕೊಂಡು.

"ಬರ್ರಿ ಸರ, ಬರ್ರಿ. ನೀವರ ಈಕಿಗಿ ಬುದ್ಧಿ ಹೇಳ್ರಿ. ನಾಳಿ ಸ್ಲ್ಯಾಬ್ ಹಾಕೂದದ. ಇಂಥಾ ಟೈಮಿನ್ಯಾಗ ಕಪ್ಪಿ ಲಗ್ನ ಮಾಡಿ ಮಳಿ ಕರಿಬೇಕಂತಾಳ!"

"ಕಪ್ಪೆ ಲಗ್ನಾನಾ?"

"ಮತ್ತೇನ್ರಿ!" ಯಮನವ್ವ ಮುಂದೆ ಬಂದಳು. ತಲೆಗೆ ಹೂವು ಮುಡಿದಾಗಿತ್ತು. "ತಗಡಿನ ತಳಗ ನಾವು ರೊಟ್ಟಿ ಬೆಂದಂಗ ಬೇಯಲತ್ತೀವಿ. ಈತಗ ಸ್ಲ್ಯಾಬಿನ ಚಿಂತಿ. ಹೆಣ್ಣು ಸಿಕ್ಕು ವಾರ ಆತ್ರಿ ಸರ, ನೀರಿನ ಟಾಕ್ಯಾಗ ಕುಂತಾಳ. ಗಂಡೇ ಸಿಗಲಾರ್ದಂಗಾಗಿತ್ತು. ಈ ಸದಾಶಿವ ಪೇಠದಾಗ ಎಲ್ಲಿ ಹುಡುಕಿದ್ರೂ ಇನ್ನೊಂದು ಕಪ್ಪಿ ಇಲ್ರಿ."

"ಅಯ್ಯೋ ಯಮನಕ್ಕ, ಇದು ಬೇರೆ ಥರದ ಕಪ್ಪೆ! ಮದುವೆಗಲ್ಲ!"

"ಮದುವಿಗಲ್ಲಂದ್ರ ಅರಿಶಿಣ ಯಾಕ ಹಚ್ಚ್ಯಾರ್ರೀ?"

"ಅದು ಅರಿಶಿನ ಅಲ್ಲ, ಹುಟ್ಟಿದಾಗಿಂದ ಇರೋ ಬಣ್ಣ."

ನೆರೆದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಯಮನವ್ವ ಅವನನ್ನು ನೋಡಿದ್ದು ತೀರಾ ಸಣ್ಣ ಮಕ್ಕಳನ್ನು ನೋಡುವ ಹಾಗೆ.

"ಹುಟ್ಟಾ ಅರಿಶಿಣ ಹಚ್ಕೊಂಡು ಯಾರರ ಹುಟ್ಟತಾರೇನ್ರಿ? ನಾ ಹೇಳ್ತೀನಿ ಕೇಳ್ರಿ. ಯಾವದೋ ಊರಾಗ ಇದರ ಲಗ್ನ ಇತ್ತು. ಅರಿಶಿಣ ಹಚ್ಚಿ ಕುಂಡ್ರಿಸಿದ್ರು. ಇಂವ ಅಂಜಿ ಓಡಿ ಬಂದು ನಿಮ್ಮ ಬೂಟಿನ್ಯಾಗ ಅಡಗ್ಯಾನ. ಅರಿಶಿಣ ಹಚ್ಚಿದ ಮದಿಮಗ ಲಗ್ನ ಆಗಲಾರ್ದೆ ಹೊಳ್ಳಿ ಹೋದಂದ್ರ ಮುಗೀತು, ಮಳಿ ಈ ಕಡಿ ಮಾರಿ ಸೈತ ಹಾಕಂಗಿಲ್ಲ. ಅದಕ್ಕ ನಾವೇ ಮುಗಿಸಿ ಕಳಸ್ತೀವಿ."

"ಮುಟ್ಟಿದ್ರಾ ಅದನ್ನ? ಅರಿಶಿನ ಏನಾದ್ರೂ ಹಚ್ಚಿದ್ರಾ?"

"ಹಚ್ಚಿದ್ದಕ್ಕ ಮತ್ತ ಯಾಕ ಹಚ್ಚೂದ್ರಿ? ಬೂಟು ಬೋಗುಣಿಗಿ ಬೋರಲ ಹಾಕಿದೆ, ಬಿದ್ದ. ನೀವ್ ಹೇಳಿದಂಗ ಹಳೇ ಕ್ಯಾನಿನ ತಳಕ್ಕ ಉಳದಿದ್ದ ನೀರಾಗೇ ಅರಬಿ ತೋಯ್ಸೀನಿ."

ಅಭಿಲಾಷ ಹೋದ ಉಸಿರು ಬಂದವನಂತೆ ಬೋಗುಣಿಯೊಳಗೆ ನೋಡಿದ. ಮಹೇಶಕುಮಾರ ಒದ್ದೆ ಬಟ್ಟೆಯ ಮೇಲೆ ಗಲ್ಲ ಅಲುಗಿಸುತ್ತ ಕೂತಿದ್ದ. ಅಲ್ಲಿಂದ ಎರಡು ಮೊಳ ಆಚೆ, ಹರಿವಾಣದಂಥ ಹಿತ್ತಾಳೆಯ ಪರಾತದಲ್ಲಿ, ತಲೆಯ ಮೇಲೆ ಹಸಿರು ಕುಪ್ಪಸದ ಚೂರು ಹೊದ್ದು ಮದುಮಗಳು ಕೂತಿದ್ದಳು. ಅರ್ಧ ತೆಂಗಿನಕಾಯಿಯ ಗಾತ್ರ. ಮಹೇಶಕುಮಾರನಂಥವರು ಹತ್ತು ಜನ ಅವಳ ಬೆನ್ನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದಿತ್ತು.

ಬೋಗುಣಿಗೆ ಕೈಹಾಕಿ ಓಡಿಬಿಡೋಣವೆನ್ನಿಸಿತು ಅಭಿಲಾಷನಿಗೆ. ಆದರೆ ಅದರ ಸುತ್ತ ಹೆಂಗಸರು ಕೋಟೆ ಕಟ್ಟಿ ಕೂತಿದ್ದರು. ಎಳೆದಾಡಿದರೆ ಬೋಗುಣಿ ಉರುಳುತ್ತದೆ, ಉರುಳಿದರೆ ನೇರ ಪರಾತಕ್ಕೆ. ಅಷ್ಟರಲ್ಲಿ ಯಾರೋ ಅವನ ಕಾಲಿಗೆ ನೀರು ಹಾಕಿಯೇಬಿಟ್ಟರು. ವರನ ಕಡೆಯವರು ಅಂತ ಇದ್ದದ್ದು ಅವನೊಬ್ಬನೇ.

"ಊರ್ ಯಾವುದ್ರಿ ವರಂದು?" ಒಬ್ಬ ಮುದುಕಿ ಶಾಸ್ತ್ರಕ್ಕೆ ಕೇಳಿದಳು.

"ಅದು... ಹೇಳಂಗಿಲ್ಲ, ಅಜ್ಜಿ."

"ಆಂ?"

"ಒಂದು ಬೆಟ್ಟ."

"ಯಾವ ಬೆಟ್ಟ?"

"ಅದೂ ಹೇಳಂಗಿಲ್ಲ. ಪ್ರಮಾಣ ಮಾಡಿದ್ದೀನಿ."

"ತಾಲೂಕರ ಹೇಳ್ರಿ."

ಅಭಿಲಾಷ ತಲೆ ತಗ್ಗಿಸಿದ. ಲಾಲಪ್ಪನ ಮುಖ ಅರಳಿತು. ಟಾಕಿ ಅವನ ಉಸ್ತುವಾರಿಯದು, ಟಾಕಿಯಲ್ಲಿ ಸಿಕ್ಕ ಹೆಣ್ಣಿಗೆ ಅವನೇ ತಂದೆ. ಸ್ಲ್ಯಾಬ್ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದುಂಟೇ?

"ಆಗಂಗಿಲ್ಲ! ಊರ ಹೆಸರ ಹೇಳಲಾರ್ದ ವರಗ ನಾ ಹೆಣ್ಣ ಕೊಡಂಗಿಲ್ಲ! ನಾಳಿ ಹೆಣ್ಣಿಗಿ ಏನರ ಆದ್ರ ನಾ ಯಾವ ಊರಿಗಿ ಹೋಗಿ ಕೇಳ್ಲಿ?"

"ಕರೆಕ್ಟು ಲಾಲಪ್ಪ! ಕೊಡಬೇಡಿ, ದಯವಿಟ್ಟು ಕೊಡಬೇಡಿ!" ಅಭಿಲಾಷ ಅವನ ಕೈ ಹಿಡಿದುಕೊಂಡ.

"ನೋಡ್ರಿ, ವರನ ಕಡಿಯವರೇ ಬ್ಯಾಡಂತಾರ," ಎಂದ ಲಾಲಪ್ಪ.

"ನೀ ಸುಮ್ನಿರು," ಎಂದಳು ಯಮನವ್ವ. "ಸರ, ಊರ್ ಬಿಡ್ರಿ. ವರನ ಹೆಸರೇನರ ಅದನೋ ಇಲ್ಲೋ?"

ಅಭಿಲಾಷನ ಬಾಯಿಂದ ನಿಜ ಬಿದ್ದುಹೋಯಿತು. "ಮಹೇಶಕುಮಾರ."

ಹಲಗೆ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಸರು ಭಾರಿ ಅದರಿ," ಎಂದಳು ಮುದುಕಿ. "ಛಲೋ ಮನಿತನದವ ಅದಾನ."

ಅಲ್ಲಿಗೆ ಲಾಲಪ್ಪನ ಆಟ ಮುಗಿಯಿತು. ಹಲಗೆ ಮತ್ತೆ ಶುರುವಾಗಿ ಎರಡು ಪೆಟ್ಟು ಬೀಳುವಷ್ಟರಲ್ಲಿ ಗೋಡೆಯಾಚೆಯಿಂದ ಒಂದು ದನಿ: "ಕಾಯ್ ಚಾಲ್ಲಯ್ ಹೇ?"

ಏನು ನಡೆದಿದೆ ಇಲ್ಲಿ ಎಂದು ಕೇಳುತ್ತ ಬಂದವರು ಅಭಿಲಾಷನ ಮನೆ ಮಾಲೀಕರಾದ ಪ್ರಲ್ಹಾದಕಾಕಾ. ಗೇಟಿಗೆ, 'ಇಲ್ಲಿ ಬೆಲ್ ಒತ್ತಬೇಡಿ. ಒತ್ತಿದರೂ ನಾವು ತೆರೆಯುವುದಿಲ್ಲ. ತೆರೆದರೂ ಮಾತಾಡುವುದಿಲ್ಲ' ಎಂದು ಮರಾಠಿಯಲ್ಲಿ ಫಲಕ ಬರೆಸಿ ಹಾಕಿದ ಮಹಾನುಭಾವರು. ಅಜ್ಜಿ ಧಾರವಾಡದವರಾದ್ದರಿಂದ ಕನ್ನಡ ಬರುತ್ತಿತ್ತು, ಬೈಯುವಾಗ ಮಾತ್ರ ಆಡುತ್ತಿದ್ದರು.

"ಏನಿದು ಗದ್ದಲಾ? ಭಾನುವಾರ ಸುದ್ದಾ ಮನುಷ್ಯಾಗ ಶಾಂತಿ ಇಲ್ಲಾ? ಏನ್ ನಡಸೀರಿ?"

"ಲಗ್ನರೀ, ಕಾಕಾ," ಎಂದಳು ಯಮನವ್ವ.

ಕಾಕಾ ಬೋಗುಣಿ ನೋಡಿದರು. ಪರಾತ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

"ಭಟ್ಟರು ಯಾರು?"

"ಯಾರೂ ಇಲ್ರಿ. ನಾವೇ ಹಂಗೇ ನಾಕ್ ಅಕ್ಕಿಕಾಳು ಒಗೀತೀವಿ."

"ಹಂಗೇ?" ಕಾಕಾರ ದನಿ ಏರಿತು. "ಸದಾಶಿವ ಪೇಠದಾಗ ಮಂತ್ರಾ ಇಲ್ಲದ ಲಗ್ನಾ? ಕಪ್ಪಿ ಇರಲಿ, ಕತ್ತಿ ಇರಲಿ, ಉಚ್ಚಾರ ಶುದ್ಧ ಇರಬೇಕು. ನಿಲ್ಲರಿ, ನಾ ಬರ್ತೀನಿ." ಎಂದವರೇ ಪಂಚೆ ಉಟ್ಟು ಬರಲು ಹೋದರು. ಗದ್ದಲ ನಿಲ್ಲಿಸಲು ಬಂದವರೂ ಹೀಗೆ ಕೈಕೊಟ್ಟರು.

ರಂಜಿನಿಯ ಜೀಪು ಬಂದು ನಿಂತದ್ದು ಸರಿಯಾಗಿ ಆಗಲೇ. ಇಳಿದವಳು ತೋರಣ, ಹಲಗೆ, ಪರಾತ, ಕುಪ್ಪಸ ಹೊದ್ದ ಕಪ್ಪೆ ಎಲ್ಲವನ್ನೂ ನೋಡಿ, ಕೊನೆಗೆ ಹಣೆಗೆ ಕುಂಕುಮ ಇಡಿಸಿಕೊಂಡು ನಿಂತ ಅಭಿಲಾಷನನ್ನು ನೋಡಿದಳು. ಅವನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

"ಬೇರೆ ಕಪ್ಪೆ ಹತ್ರ ಬಿಡಬೇಡ ಅಂದಿದ್ದೆ. ನೀನು ಮದುವೇನೇ ಮಾಡಿಸ್ತಿದ್ದೀಯ," ಎಂದಳು ರಂಜಿನಿ. ಹಲ್ಲು ಕಚ್ಚಿ ಆಡಿದ ಮಾತು. "ಮುಟ್ಟಿಲ್ಲ ತಾನೇ? ಇನ್ನೂ ಮುಟ್ಟಿಲ್ಲ ತಾನೇ?"

"ಇಲ್ಲ. ಇನ್ನೂ ಇಲ್ಲ."

"ಬೀಗಿತಿ ಬಂದ್ರು!" ಹೆಂಗಸರು ರಂಜಿನಿಯನ್ನು ಮುತ್ತಿಕೊಂಡರು. ಬೇಡವೆನ್ನುವ ಮೊದಲೇ ಅವಳ ಮುಡಿಗೆ ಮಲ್ಲಿಗೆ ಏರಿತು. ಅವಳು ಕಪ್ಪೆಯ ರೋಗ, ಬೆಟ್ಟ, ಸಂತತಿ ಎಂದು ಹೇಳಹೊರಟಳು. ಯಮನವ್ವ ಪೂರ್ತಿ ಕೇಳಿಸಿಕೊಂಡು ತಲೆದೂಗಿದಳು.

"ತಿಳೀತ್ರೀ ಮೇಡಂ. ಹೆಣ್ಣಿನ ಕಡಿ ಮೈಯಾಗ ಏನರ ಬ್ಯಾನಿ ಅದ ಏನ ಅಂತ ನಿಮಗ ಸಂಶೆ. ಎಲ್ಲಾ ಬೀಗರೂ ಹಂಗೇ ಅಂತಾರ."

ರಂಜಿನಿ ಬೋಗುಣಿಗೂ ಪರಾತಕ್ಕೂ ನಡುವೆ ಹೋಗಿ ನಿಂತಳು.

ಅಷ್ಟರಲ್ಲಿ ಪ್ರಲ್ಹಾದಕಾಕಾ ಪಂಚೆಯುಟ್ಟು, ಹೆಗಲ ಮೇಲೆ ಇನ್ನೊಂದು ಬಿಳಿ ಪಂಚೆ ಹಾಕಿಕೊಂಡು ಬಂದರು. ಅದನ್ನು ನೋಡಿದ್ದೇ ಅಭಿಲಾಷನ ತಲೆಯಲ್ಲಿ ದೀಪ ಹತ್ತಿದಂತಾಯಿತು.

"ಕಾಕಾ, ಅದೇನದು?"

"ಅಂತರಪಟ. ವಧೂವರರ ನಡುವ ಹಿಡಿಯೂದು. ಮಂತ್ರಾ ಮುಗಿಯೂತನಕ ಒಬ್ಬರ ಮುಖಾ ಒಬ್ಬರು ನೋಡಬಾರದು."

"ಮುಗಿದ ಮೇಲೂ ತೆಗೀದೇ ಇದ್ರೆ?"

ಕಾಕಾ ಗಡ್ಡ ಕೆರೆದರು. "ಶಾಸ್ತ್ರದಾಗ ಹಿಡೀರಿ ಅಂತ ಅದ. ಇಂಥಾ ಹೊತ್ತಿಗೇ ತೆಗೀರಿ ಅಂತ ಕಪ್ಪಿ ವಿಷಯಕ್ಕ ಯಾರೂ ಬರದಿಲ್ಲ."

"ಹಂಗಾದ್ರೆ ಒಪ್ಪಿಗೆ," ಎಂದಳು ರಂಜಿನಿ ತಟ್ಟನೆ. "ಪರದೆ ತೆಗೆಯೋ ಹಾಗಿಲ್ಲ. ಬೋಗುಣಿ ಅಲ್ಲೇ, ಪರಾತ ಅಲ್ಲೇ. ಅಕ್ಷತೆ ಕಪ್ಪೆ ಮೇಲೆ ಬೀಳಬಾರದು, ಅದರ ಚರ್ಮ ಎಲ್ಲಾ ಹೀರ್ಕೊಳ್ಳತ್ತೆ."

"ಮತ್ತ ಯಾರ ಮ್ಯಾಗ ಒಗೀಬೇಕ್ರಿ?"

ರಂಜಿನಿ ಅಭಿಲಾಷನ ಕಡೆ ಬೆರಳು ತೋರಿಸಿದಳು. "ಇವನ ಮೇಲೆ. ಎಲ್ಲಾ ಇವನಿಂದಲೇ ಆಗಿದ್ದು."

ಪಂಚೆಯ ಒಂದು ತುದಿಯನ್ನು ಅಭಿಲಾಷ ಹಿಡಿದ, ಇನ್ನೊಂದನ್ನು ಲಾಲಪ್ಪ, ಆಕಾಶವನ್ನು ಅನುಮಾನದಿಂದ ನೋಡುತ್ತ. ಕಾಕಾ ಕಣ್ಣುಮುಚ್ಚಿ ಮಂಗಳಾಷ್ಟಕ ಎತ್ತಿಕೊಂಡರು. 'ಸಾವಧಾನ' ಎಂದಾಗಲೆಲ್ಲ ಅಕ್ಷತೆ ಅಭಿಲಾಷನ ತಲೆಗೆ, ಕಿವಿಗೆ, ಕಾಲರಿನೊಳಗೆ ಸುರಿಯಿತು. ನಡುವೆ ಒಮ್ಮೆ ಹೆಂಗಸರು ಅವಸರ ಮಾಡಿ ಮೊದಲೇ ಒಗೆದದ್ದಕ್ಕೆ ಕಾಕಾ ನಿಲ್ಲಿಸಿ ಬೈದು ಮೊದಲಿನಿಂದ ಶುರುಮಾಡಿದರು.

ಕೊನೆಯ ಸಾವಧಾನಕ್ಕೆ ಪರಾತದಿಂದ ಭಾರೀ ಸದ್ದೊಂದು ಎದ್ದಿತು. ಮದುಮಗಳು ಕುಪ್ಪಸ ಕೊಡವಿ, ಗಂಟಲನ್ನು ಬಲೂನಿನಂತೆ ಊದಿಸಿ, ಗೊರ್ರ್ ಗೊರ್ರ್ ಎಂದು ಕೂಗತೊಡಗಿದ್ದಳು.

"ಅಳಲತ್ತಾಳ ನನ್ನವ್ವ," ಯಮನವ್ವ ಕಣ್ಣೊರೆಸಿಕೊಂಡಳು. "ತವರು ಬಿಟ್ಟು ಹೋಗೂದಂದ್ರ ಸುಮ್ನೇನು?"

ರಂಜಿನಿ ಅಭಿಲಾಷನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಗಂಟಲು ಊದಿಸಿ ಹಿಂಗೆ ಕೂಗೋದು ಗಂಡು ಕಪ್ಪೆ ಮಾತ್ರ."

"ಅಂದ್ರೆ...?"

"ಬಾಯಿ ಮುಚ್ಕೊಂಡು ಪಂಚೆ ಹಿಡ್ಕೊ."

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಬೋಗುಣಿ ಎತ್ತಿಕೊಂಡು ರಂಜಿನಿ ಜೀಪಿನ ಕಡೆ ಎರಡು ಹೆಜ್ಜೆ ಹಾಕಿದ್ದಳಷ್ಟೆ, ಯಮನವ್ವ ಪರಾತ ಹೊತ್ತು ಹಿಂದೆಯೇ ಬಂದಳು.

"ಮೇಡಂ, ಸೊಸಿನ ಬಿಟ್ಟು ಹೊಂಟ್ರಲ್ರಿ? ಮಡಿಲು ತುಂಬಿ ಕೊಡ್ತೀನಿ, ತಗೋರಿ."

ರಂಜಿನಿ ಬೋಗುಣಿಯನ್ನು ಎದೆಗವಚಿಕೊಂಡಳು. ಜೀಪಿನ ಬಾಗಿಲು ತೆರೆದೇ ಇತ್ತು. ಪರಾತ ಮುಂದೆ ಮುಂದೆ ಬಂತು. ಅದರೊಳಗಿನ ದಢೂತಿ ಮದುಮಗಳು ಹಾರುವ ಮುನ್ನ ಕಾಲು ಮಡಚುವಂತೆ ಮಡಚುತ್ತಿದ್ದಳು. ಒಂದೇ ನೆಗೆತ, ಬೋಗುಣಿಯೊಳಗೆ. ಆಮೇಲೆ ಮಹೇಶಕುಮಾರನಿಗೆ ಬೆಟ್ಟವಿಲ್ಲ.

ಅಭಿಲಾಷ ನಡುವೆ ನುಗ್ಗಿ ಎರಡೂ ಕೈಯಿಂದ ಪರಾತದ ಮೇಲೆ ಪಂಚೆ ಮುಚ್ಚಿಬಿಟ್ಟ.

"ಯಮನಕ್ಕ! ಆಷಾಢ!"

"ಆಂ?"

"ಆಷಾಢ ಬಂತಲ್ಲ, ನಾಡಿದ್ದಿಂದ! ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೇಲಿ ಇರ್ತಾಳಾ? ನಮ್ ಮದ್ದೂರಲ್ಲಿ ಅತ್ತೆ ಸೊಸೆ ಒಂದೇ ಹೊಸ್ಲು ದಾಟಲ್ಲ. ನಿಮ್ ಕಡೆ ಕಳಿಸ್ತೀರಾ?"

ಯಮನವ್ವ ನಿಂತಳು. ಹೆಂಗಸರು ನಿಂತರು. ಮುದುಕಿ ಬೆರಳೆಣಿಸಿ ಲೆಕ್ಕ ಹಾಕಿದಳು. "ಖರೇ ಅದ," ಎಂದಳು. "ಆಷಾಢದಾಗ ಹೆಣ್ಣು ತವರಾಗೇ ಇರಬೇಕು."

"ಯವ್ವಾ, ಲಗ್ನದ ಗಡಿಬಿಡ್ಯಾಗ ಮರತೇಬಿಟ್ಟಿದ್ದೆ!" ಯಮನವ್ವ ಹಣೆ ಬಡಿದುಕೊಂಡಳು. "ಛಲೋ ಆತ್ರಿ ಸರ ನೀವು ಅಂದಿದ್ದು. ಹಂಗಾರ ಶ್ರಾವಣದಾಗ ಬಂದು ಕರಕೊಂಡು ಹೋಗ್ತೀರಿ?"

"ಶ್ರಾವಣದಲ್ಲಿ... ಮಾತಾಡೋಣ," ಎಂದಳು ರಂಜಿನಿ. ಬೀಗಿತಿಯ ಗತ್ತು ಅವಳಿಗೆ ಆಗಲೇ ಅಂಟಿಬಿಟ್ಟಿತ್ತು.

ಇಳಿಹೊತ್ತಿಗೆ ಅವರು ಆ ಹೆಸರಿಲ್ಲದ ಬೆಟ್ಟದ ಮೇಲಿದ್ದರು. ಹುಲ್ಲಿನ ಮೇಲೆ ಮೋಡ ಮೇಯುತ್ತಿತ್ತು. ರಂಜಿನಿ ಟೆಂಟಿದ್ದ ಜಾಗ ಹುಡುಕಿ, ಬೋಗುಣಿಯನ್ನು ಒಂದು ಕಲ್ಲಿನ ಸಂದಿಯ ಬಾಯಿಗೆ ವಾಲಿಸಿದಳು. ಮಹೇಶಕುಮಾರ ಹೊರಬಂದ. ಒಂದು ನೆಗೆತ ನೆಗೆದು, ಅಷ್ಟಕ್ಕೇ ಸಾಕೆನ್ನಿಸಿ ಕೂತ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಪಕ್ಕೆಯ ಬೆಕ್ಕು ಬಾಲ ಮಡಚಿಕೊಂಡು ಅಲ್ಲೇ ಇತ್ತು.

"ಚೆನ್ನಾಗಿದ್ದಾನೆ," ಎಂದಳು ಕೊನೆಗೆ.

ಫೋನು ಹೊಡೆದುಕೊಂಡಿತು. ಲಾಲಪ್ಪ.

"ಸರ, ಇಲ್ಲಿ ಮಳಿ ಮಾಡ ಇಟ್ಟದರಿ. ಈಕಿ ಕುಣೀಲತ್ತಾಳ, ನಾ ಸಿಮೆಂಟಿನ ಮ್ಯಾಗ ತಾಡಪತ್ರಿ ಎಳೀಲತ್ತೀನಿ. ನಮ್ಮ ಅಳಿಯಾ ಬಾಜೂಕ ಅದಾನೇನ್ರಿ?"

"ಇದ್ದಾರೆ, ಇಲ್ಲೇ ಕೂತಿದ್ದಾರೆ."

"ಒಂದ್ ಮಾತು ಹೇಳ್ರಿ ಅವರಿಗಿ. ಮಾಂವ ಕೈ ಮುಗದಾನ, ನಾಳಿ ಒಂದ್ ದಿನ ತಡೀರಿ, ಸ್ಲ್ಯಾಬ್ ಮುಗದ ಮ್ಯಾಗ ಎಷ್ಟರ ಸುರೀರಿ ಅಂತ."

"ಹೇಳ್ತೀನಿ ಲಾಲಪ್ಪ."

"ಏನಂತೆ?" ಎಂದಳು ರಂಜಿನಿ.

"ಅಳಿಯಂಗೆ ಮಾವನ ಮೆಸೇಜು." ಅಭಿಲಾಷ ಫೋನು ಜೇಬಿಗಿಟ್ಟು, ಹೊರಡುವ ಮುನ್ನ ಈ ಸಲ ಎರಡೂ ಬೂಟು ಬಿಚ್ಚಿ ಬಡಿಬಡಿದು ಕೊಡವಿದ. ಬಗ್ಗಿದ ರಭಸಕ್ಕೆ ಅವನ ಕಾಲರಿನೊಳಗಿಂದ ಅಕ್ಷತೆಯ ಕಾಳೊಂದು ಕಲ್ಲಿನ ಮೇಲೆ ಬಿತ್ತು.

ಎಲ್ಲಿತ್ತೋ ಏನೋ, ಒಂದು ಕರಿ ಇರುವೆ ಬಂದು ಆ ಕಾಳನ್ನು ಎತ್ತಿಕೊಂಡು ಮನೆಯ ಕಡೆ ಹೊರಟಿತು. ಮಹೇಶಕುಮಾರ ಕೂತಲ್ಲಿಂದ ಅಲ್ಲಾಡದೆ ನಾಲಿಗೆ ಚಾಚಿ, ಇರುವೆಯನ್ನು ನುಂಗಿ, ಕಾಳನ್ನು ಅಲ್ಲೇ ಬಿಟ್ಟ.